ಹೆಣ್ಣೊಪ್ಪಿಸುವ ಹಾಡು ಯಾರದ್ದು?

ಈ ಸಲ ಎರಡು ಮೂರು ಮನೆಯಿಂದ ನಂಗೆ ಒಂದೇ ಥರದ ದೂರು ಬಂತು. "ನೀನು ಶಾಲೆಲಿ ಹುಡ್ರಿಗೆ ಎಂತ ಕಲಿಸ್ತಿದ್ದೆ ಮಾರಾಯ್ತಿ? ಬೆಳಿಗ್ಗೆ ಎದ್ದು ನಾಲ್ಕು ಸಾಲಿನ ಕವನ ಗ್ರೂಪಿಗೆ ಹಾಕಿರೆ ನಮ್ಮನೆ ಮಾಣಿ 'ಇದು ಯಾರು ಬರೆದದ್ದು, ಹೆಸ್ರು ಎಲ್ಲಿದ್ದು' ಹೇಳಿ ಕೇಳ್ತ" ಅಂತ ಆಚೆಮನೆ ಅತ್ಗೆ. ಮೇಲಿನಕೇರಿ ಅಕ್ಕಂದು ಇನ್ನೊಂದು ಕತೆ. ಅಪ್ಪೆಹುಳಿ ಮಾಡ್ತಾ ಇಪ್ಪಾಗ ಮೊಮ್ಮಗಳು ಬಂದು "ಅಜ್ಜಿ, ಇದು ನಿಂದೇ ರೆಸಿಪಿಯಾ, ಬೇರೆಯವ್ರದ್ದಾ" ಕೇಳಿತ್ತಡ. ನಗೆ ಬಂತು, ಒಳಗೊಳಗೆ ಖುಷಿಯೂ ಆತು. ಒಬ್ಬೊಬ್ರಿಗೇ ಹೇಳ್ತಾ ಕೂರುದಕ್ಕಿಂತ ಬರೆದೇ ಬಿಡ್ತೆ ಹೇಳಿ ಮಾಡಿದ್ದು. ಕಾಯ್ದೆ ಮಾತು ಬಂದಲ್ಲಿ ನನ್ನ ಕನ್ನಡ ಪುಸ್ತಕದ ಕನ್ನಡ ಆಗಿಹೋಗ್ತು, ಅಲ್ಲಿ ಸ್ವಲ್ಪ ಸುಧಾರಿಸ್ಕಳಿ.

ಶುರುವಾದ್ದು ಒಂಬತ್ತನೇ ಕ್ಲಾಸಿನ ಪ್ರಾಜೆಕ್ಟಿನಿಂದ. "ನಮ್ಮ ಊರಿನ ಹಬ್ಬ" ಹೇಳಿ ಕೊಟ್ಟಿದ್ದೆ. ಎರಡು ಪುಟ, ಕೈಬರಹ, ಚಿತ್ರ ಬೇಕಾದ್ರೆ ಅಂಟಿಸ್ಲಕ್ಕು. ತಿದ್ದುಲೆ ಕೂತರೆ ಹನ್ನೊಂದು ಪ್ರಾಜೆಕ್ಟು ಅಕ್ಷರಕ್ಕೆ ಅಕ್ಷರ ಒಂದೇ. ಅದ್ರಲ್ಲಿ ಎಂತ ಇದ್ದು? ಜಂಬೂಸವಾರಿ, ಆನೆ, ಚಿನ್ನದ ಅಂಬಾರಿ, ದೀಪಾಲಂಕಾರದ ಅರಮನೆ! ಸಮುದ್ರದ ಬದಿಯ ಬಾಡದಲ್ಲಿ ಅರಮನೆ ಎಲ್ಲಿಂದ ಬಂತು ಮಕ್ಕಳೇ ಕೇಳಿದೆ. ಒಬ್ಬ ಮಾಣಿ ಎದ್ದು ನಿಂತು ಬಹಳ ವಿನಯದಿಂದ ಹೇಳ್ದ: "ಟೀಚರ್, ಗೂಗಲ್‌ಲಿ ಹಂಗೇ ಇತ್ತು."

ಬೈಯುಲೆ ಬಾಯಿ ಬರ್ಲಿಲ್ಲೆ. ಆ ಹುಡ್ರು ಕಳ್ಳರಲ್ಲ. ಬಾಳೆಗೊನೆ ಕದ್ದರೆ ಕಳ್ಳತನ ಹೇಳಿ ಗೊತ್ತಿದ್ದು, ಬೇರೆಯವ್ರ ಪೆನ್ನು ಎತ್ತಿರೆ ಕಳ್ಳತನ ಹೇಳಿ ಗೊತ್ತಿದ್ದು. ಮಾತು ಕದಿಯುಲೆ ಆಗ್ತು ಹೇಳಿ ಯಾರೂ ಅವ್ರಿಗೆ ಹೇಳಿದ್ದೇ ಇಲ್ಲೆ. ಒಂದನೇ ಕ್ಲಾಸಿನಿಂದ ನಾವು ಕಲಿಸಿದ್ದೇ "ನೋಡಿ ಬರಿ" ಹೇಳಿ. ಮರುದಿನ ಬೋರ್ಡಿನ ಮೇಲೆ "ಕಾಪಿರೈಟ್" ಹೇಳಿ ಬರೆದು ಇದೆಂತ ಕೇಳಿದೆ. ಹಿಂದಿನ ಬೆಂಚಿನ ಕೂಸು ಥಟ್ಟನೆ, "ದಿನಾ ಒಂದು ಪುಟ ಚೆಂದ ಮಾಡಿ ಕಾಪಿ ಬರೆಯುದು ಟೀಚರ್" ಹೇಳ್ತು. ಇಡೀ ಕ್ಲಾಸು ಹೌದು ಹೌದು ಹೇಳಿ ತಲೆ ಆಡಿಸ್ತು. ಅಲ್ಲಿಂದಲೇ ಶುರು ಮಾಡಬೇಕಾತು.

ಮೊದಲು ಬಿಡಿಸಿ ಹೇಳಿದ್ದು, ಇದ್ರಲ್ಲಿ ಎರಡು ಬೇರೆ ಬೇರೆ ತಪ್ಪು ಇದ್ದು ಹೇಳಿ. ಒಂದು ಕೃತಿಚೌರ್ಯ, ಅಂದ್ರೆ ಬೇರೆಯವ್ರು ಬರೆದದ್ದನ್ನು ನಂದು ಹೇಳುದು. ಇನ್ನೊಂದು ಕಾಪಿರೈಟ್ ಮುರಿಯುದು, ಅಂದ್ರೆ ಬೇರೆಯವ್ರಿಗೆ ಸೇರಿದ್ದನ್ನು ಅವ್ರ ಒಪ್ಪಿಗೆ ಇಲ್ದೆ ಅಚ್ಚು ಹಾಕುದು, ಮಾರುದು, ಆಡಿ ತೋರ್ಸುದು. ಎಷ್ಟೋ ಸಲ ಎರಡೂ ಒಟ್ಟಿಗೇ ಆಗ್ತು, ಆದರೂ ಎರಡೂ ಒಂದೇ ಅಲ್ಲ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಪುಸ್ತಕ, ಪದ್ಯ, ನಾಟಕ ಬರೆದವರಿಗೆ ಅವರು ಬದುಕಿರುವಷ್ಟು ಕಾಲ ಹಕ್ಕು ಇರುತ್ತದೆ. ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಿಡಿದು ಇನ್ನೂ 60 ವರ್ಷ ಅವರ ವಾರಸುದಾರರಿಗೆ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಮಕ್ಕಳ ಪದ್ಯವನ್ನು ಈಗ ಯಾರು ಬೇಕಾದ್ರೂ ಅಚ್ಚು ಹಾಕ್ಲಕ್ಕು, ಯಾರ ಒಪ್ಪಿಗೆಯೂ ಬೇಡ. ಆದರೆ ಅದೇ ಪದ್ಯದ ಅಡಿಗೆ ನಾನು ನನ್ನ ಹೆಸ್ರು ಹಾಕಿರೆ? ಕಾಪಿರೈಟ್ ಮುಗಿದಿದ್ರೂ ಕೃತಿಚೌರ್ಯ ಆಗ್ತು. ಇನ್ನು ತಿರುಗಿಸಿ ನೋಡಿ. ನಮ್ಮ ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ತೀರಿಕೊಂಡದ್ದು 2014ರಲ್ಲಿ. ಅವರ ಒಂದು ಕಾದಂಬರಿಯನ್ನು ಪೂರಾ ಜೆರಾಕ್ಸ್ ಹೊಡೆದು, ಅವರ ಹೆಸ್ರನ್ನೇ ದೊಡ್ಡದಾಗಿ ಹಾಕಿ ಮಾರಿರೆ ಕೃತಿಚೌರ್ಯ ಅಲ್ಲ, ಆದರೆ ಕಾಪಿರೈಟ್ ಮುರಿದ ಹಾಗೆ. 2074ರ ಕೊನೆಯವರೆಗೂ ಹಾಂಗೇ.

ಅತ್ಗೆಗೆ ಉತ್ತರ ಇಲ್ಲೇ ಇದ್ದು. ಬೆಳಿಗ್ಗೆ ಬರುವ ಕವನದಲ್ಲಿ ಎಷ್ಟೋ ಸಲ ಅಂಕೋಲೆಯ ದಿನಕರ ದೇಸಾಯಿಯವರ ಚುಟುಕ ಇರ್ತು, ಹೆಸ್ರು ಮಾತ್ರ ಇರ್ತಿಲ್ಲೆ. ಕಳಿಸ್ತಾ ಕಳಿಸ್ತಾ ಯಾರೋ ಹೆಸ್ರು ಕತ್ತರಿಸಿರ್ತ, ಮತ್ಯಾರೋ ತಮ್ಮ ಫೋಟೋ ಸೇರಿಸಿರ್ತ. ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಎಷ್ಟೋ ಬಡಮಕ್ಕಳಿಗೆ ಹೈಸ್ಕೂಲು ಕಾಣಿಸಿದವರು. ನಾಲ್ಕು ಸಾಲಿನ ಅಡಿಗೆ ಅವರ ಹೆಸ್ರು ಸೇರಿಸುಲೆ ನಮ್ಮ ಬೆರಳಿಗೆ ಎಂತ ಭಾರ? ಅವರು ತೀರಿಕೊಂಡದ್ದು 1982, ಹಕ್ಕು 2042ರ ಕೊನೆಯವರೆಗೂ ಇದ್ದು. ನಿಮ್ಮನ್ನು ಯಾರೂ ಕೋರ್ಟಿಗೆ ಎಳೆಯುದಿಲ್ಲೆ, ಹೆದರಡಿ. ಆದರೂ ಮಾಣಿ ಕೇಳಿದ್ದು ಸರಿಯೇ.

ಹುಡ್ರಿಗೆ ಇದು ಹ್ಯಾಂಗೆ ಮನಸ್ಸಿಗೆ ಹೋತು ಕೇಳಿದ್ರೆ, ಭಜನೆಯಿಂದ. "ನಿಮ್ಮನೆಲಿ ಅಜ್ಜಿ, ಅಮ್ಮ ಪುರಂದರದಾಸರ ಹಾಡು ಹೇಳ್ತ್ರಾ? ಕೊನೆಲಿ ಎಂತ ಬತ್ತು?" ಕೇಳಿದೆ. "ಪುರಂದರವಿಠಲ" ಹೇಳಿ ಎಲ್ಲರೂ ಕೂಗಿದ್ರು. ಕನಕದಾಸರದ್ದಾದ್ರೆ ಕಾಗಿನೆಲೆ ಆದಿಕೇಶವ. ಬಸವಣ್ಣನವರದ್ದಾದ್ರೆ ಕೂಡಲಸಂಗಮದೇವ, ಅಕ್ಕಮಹಾದೇವಿಯದ್ದು ಚೆನ್ನಮಲ್ಲಿಕಾರ್ಜುನ. ಹೆಳವನಕಟ್ಟೆ ಗಿರಿಯಮ್ಮನ ಹಾಡಿಗೆ ಹೆಳವನಕಟ್ಟೆ ರಂಗ. ಅಚ್ಚುಮೆಷಿನ್ನೇ ಇಲ್ಲದ ಕಾಲ, ಕಾಪಿರೈಟ್ ಕಾಯ್ದೆ ಯಾರ ಕನಸಲ್ಲೂ ಇರದ ಕಾಲ. ಆದರೂ ನಮ್ಮ ಅಜ್ಜಿಯಂದಿರು, ಅದರಲ್ಲೂ ಓದುಬರಹ ಬಾರದವರು, ನೂರಾರು ವರ್ಷ ಬಾಯಿಂದ ಬಾಯಿಗೆ ಹಾಡು ದಾಟಿಸುವಾಗ ಅಂಕಿತ ಬಿಡ್ಲಿಲ್ಲೆ. ಅಂಕಿತ ಬಿಟ್ಟರೆ ಹಾಡು ಮುಗಿದ ಹಾಂಗೇ ಆಗ್ತಿಲ್ಲೆ ನಮಗೆ. "ಇದೇ ಮಕ್ಕಳೇ, ಮೂಲ ಹೇಳುದು ಅಂದ್ರೆ. ಇಂಗ್ಲಿಷಿನವ್ರು ಬಂದು ಕಲಿಸಬೇಕಾದ್ದಲ್ಲ" ಹೇಳ್ದೆ.

ಉಲ್ಟಾ ಕತೆಯೂ ಇದ್ದು. ನಂದಳಿಕೆಯ ಮುದ್ದಣ, ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದ ಲಕ್ಷ್ಮೀನಾರಣಪ್ಪ, 'ಶ್ರೀ ರಾಮಾಶ್ವಮೇಧ'ವನ್ನು ತಾನೇ ಬರೆದು, ತನ್ನದು ಹೇಳದೆ, ಯಾವುದೋ ಹಳೇ ಕವಿಯ ಕೃತಿ ಸಿಕ್ಕಿತು ಹೇಳಿ ಪತ್ರಿಕೆಗೆ ಕಳಿಸಿದರು. 1901ರಲ್ಲಿ ಸಣ್ಣ ಪ್ರಾಯದಲ್ಲೇ ಹೋಗಿಬಿಟ್ಟರು. ನಿಜವಾದ ಕವಿ ಯಾರು ಹೇಳಿ ಲೋಕಕ್ಕೆ ಗೊತ್ತಾದ್ದು ಆಮೇಲೆ. ಕತೆ ಕೇಳಿ ಹುಡ್ರು ಪಾಪ ಹೇಳಿದ್ರು. ಬೇರೆಯವ್ರದ್ದು ನಂದು ಹೇಳಿರೆ ಸಿಟ್ಟು ಬತ್ತು, ತನ್ನದ್ದು ನಂದಲ್ಲ ಹೇಳಿರೆ ಪಾಪ ಕಾಣ್ತು. ಎರಡಕ್ಕೂ ಕಾರಣ ಒಂದೇ, ಬರೆದದ್ದಕ್ಕೂ ಬರೆದವ್ರಿಗೂ ಒಂದು ಕರುಳಿನ ಸಂಬಂಧ ಇದ್ದು.

ಹಾಂಗಾದ್ರೆ ಎಲ್ಲದಕ್ಕೂ ಒಡೆಯರು ಇದ್ದ್ರಾ? ಇಲ್ಲೆ. ಮೇಲಿನಕೇರಿ ಅಕ್ಕ ನಿಶ್ಚಿಂತೆಯಿಂದ ಅಪ್ಪೆಹುಳಿ ಮಾಡ್ಲಕ್ಕು. ಮಾವಿನಮಿಡಿ ಬೇಯಿಸಿ, ಕಿವುಚಿ, ಒಗ್ಗರಣೆ ಹಾಕುದು ಒಂದು ವಿಧಾನ, ಅದ್ರ ಮೇಲೆ ಯಾರಿಗೂ ಕಾಪಿರೈಟ್ ಇಲ್ಲೆ. ಆದರೆ ಒಬ್ಬರು ಅಡುಗೆ ಪುಸ್ತಕ ಬರೆದು, ತಮ್ಮ ಅಜ್ಜಿಮನೆಯ ಕತೆ ಸೇರಿಸಿ, ತಮ್ಮದೇ ಮಾತಲ್ಲಿ ವಿವರಿಸಿ, ಫೋಟೋ ತೆಗೆದು ಹಾಕಿದ್ರೆ ಆ ಬರಹ, ಆ ಫೋಟೋ ಅವ್ರದ್ದು. 1978ರಲ್ಲಿ ಸುಪ್ರೀಂ ಕೋರ್ಟು ಒಂದು ನಾಟಕ ಮತ್ತು ಒಂದು ಹಿಂದಿ ಸಿನಿಮಾದ ಜಗಳದಲ್ಲಿ ಇದನ್ನೇ ಹೇಳಿದ್ದು: ವಿಚಾರಕ್ಕೆ, ವಿಷಯಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ. ಯಕ್ಷಗಾನ ಕಲಿಯುವ ಮಾಣಿಯಂದಿರು ಚಿಟ್ಟಾಣಿಯವರ ಹಾಂಗೆ ಕುಣಿಯುಲೆ ನೋಡ್ತ, ಕೆರೆಮನೆಯವರ ಹಾಂಗೆ ಅಭಿನಯ ಮಾಡುಲೆ ನೋಡ್ತ. ಅದು ಕದ್ದದ್ದಲ್ಲ, ಕಲಿತದ್ದು.

ಯಕ್ಷಗಾನದ ಮಾತು ಬಂತಲ್ಲ, ನಮ್ಮ ಕರಾವಳಿಯದ್ದೇ ಒಂದು ದೊಡ್ಡ ಕೇಸನ್ನು ಹುಡ್ರಿಗೆ ಹೇಳ್ದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು 'ಯಕ್ಷರಂಗ' ಹೇಳಿ ಬ್ಯಾಲೆ ಕಟ್ಟಿದ್ದು ನಿಮಗೆ ಗೊತ್ತಿಪ್ಪುದೇ. ಭೀಷ್ಮ ವಿಜಯ, ನಳ ದಮಯಂತಿ, ಅಭಿಮನ್ಯು ವಧೆ, ಪಂಚವಟಿ, ಹೀಂಗೆ ಏಳು ಪ್ರಸಂಗ. 1994ರಲ್ಲಿ ಕಾರಂತರು ಉಯಿಲು ಬರೆದು ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ಅಭಿಮನ್ಯು ವಧೆ ಆಡಿಸಿತು. ಒಪ್ಪಿಗೆ ಕೇಳಿಲ್ಲ ಎಂದು ಮಾಲಿನಿ ಮಲ್ಯ ಉಡುಪಿಯ ಕೋರ್ಟಿಗೆ ಹೋದರು. ಅಲ್ಲಿ ಗೆದ್ದರು, ಹೈಕೋರ್ಟಿನಲ್ಲೂ ಗೆದ್ದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಹಕ್ಕು ಅವರದ್ದೇ ಎಂದು ಒಪ್ಪಿತು. ಆದರೆ ಒಂದು ಮಾತು ಸೇರಿಸಿತು: ಕಾಯ್ದೆಯ 52ನೇ ಕಲಮಿನಲ್ಲಿ ಕೊಟ್ಟ ವಿನಾಯಿತಿಯ ಒಳಗೆ ಆಡುವುದಾದರೆ ತಡೆ ಇಲ್ಲ.

ಆ ವಿನಾಯಿತಿ ನಮಗೆಲ್ಲ ಗೊತ್ತಿರಬೇಕಾದ್ದು. ಶಾಲೆ ಕಾಲೇಜಿನ ಮಕ್ಕಳು, ಸಿಬ್ಬಂದಿ ಸೇರಿ ಒಂದು ನಾಟಕ ಆಡಿ, ನೋಡುವವರೂ ಮಕ್ಕಳು, ಸಿಬ್ಬಂದಿ, ತಂದೆತಾಯಿ, ಪೋಷಕರೇ ಆದರೆ ಒಪ್ಪಿಗೆ ಬೇಕಾಗುದಿಲ್ಲೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದ್ರೂ, ದೇವಸ್ಥಾನದ ಸಹಾಯಾರ್ಥ ಆಡಿದ್ರೂ ಆಗ್ತು. ಮದುವೆ ಮನೆಯ ಸಂಭ್ರಮದಲ್ಲಿ ಹಾಡು ಹಾಕುಲೂ ವಿನಾಯಿತಿ ಇದ್ದು. ಮಾಸ್ತರು ಪಾಠ ಮಾಡುವಾಗ ಒಂದು ಪದ್ಯ ಬೋರ್ಡಿನ ಮೇಲೆ ಬರೆದ್ರೆ, ಪರೀಕ್ಷೆಯ ಪ್ರಶ್ನೆಪತ್ರಿಕೆಲಿ ಹಾಕಿದ್ರೆ ತಪ್ಪಿಲ್ಲೆ. ಕಾಯ್ದೆ ಹೇಳಿರೆ ಬರೀ ಬೇಲಿ ಅಲ್ಲ, ಬೇಲಿಗೆ ದಣಪೆಯೂ ಇದ್ದು. ಎಲ್ಲಿ ದಣಪೆ ಇದ್ದು ಹೇಳಿ ಗೊತ್ತಿದ್ರೆ ಬೇಲಿ ಹಾರುವ ಕೆಲಸ ಇಲ್ಲೆ.

ಇಷ್ಟೆಲ್ಲ ಶಾಲೆಲಿ ಹೇಳ್ತಾ ಇಪ್ಪಾಗಲೇ ನಮ್ಮನೆಲಿ ಒಂದು ಘಟನೆ ಆತು. ಅದನ್ನು ಬರೆಯುದಾ ಬೇಡದಾ ಹೇಳಿ ಅತ್ತೆ ಹತ್ರ ಕೇಳಿದೆ. "ಬರಿ, ಆದ್ರೆ ಅವ್ನ ಹೆಸ್ರು ಹಾಕಡ" ಹೇಳಿದ್ದು ಅತ್ತೆ.

ನಮ್ಮ ಅತ್ತೆ ಹಾಡು ಹೇಳುದು ಸುತ್ತಲಿನ ನಾಲ್ಕು ಊರಿಗೆ ಗೊತ್ತಿದ್ದು. ಎಣ್ಣೆ ಹಚ್ಚುದರಿಂದ ಹಿಡಿದು ಹಸೆಗೆ ಕರೆಯುದು, ಆರತಿ, ಹೆಣ್ಣೊಪ್ಪಿಸುದು ಎಲ್ಲದಕ್ಕೂ ಅದ್ರ ಹತ್ರ ಹಾಡಿದ್ದು. ಒಂದು ನೀಲಿ ರಟ್ಟಿನ ಪುಸ್ತಕ, ಮೂಲೆ ಗೆದ್ದಲು ತಿಂದಿದ್ದು, ಟ್ರಂಕಿನ ಅಡಿಲಿ ಸೀರೆ ಮಧ್ಯ ಇರ್ತು. ಮದುವೆ ಮನೆಗೆ ಹೋಪಾಗ ಮಾತ್ರ ಹೊರಗೆ ಬತ್ತು. ಕೆಲವು ವರ್ಷದ ಹಿಂದೆ ದೂರದ ಸಂಬಂಧದ ಒಬ್ರು ಬಂದು, "ಹಳೇ ಹಾಡು ಒಟ್ಟುಮಾಡ್ತಾ ಇದ್ದೆ" ಹೇಳಿ ಆ ಪುಸ್ತಕದ ಪುಟಪುಟಕ್ಕೂ ಮೊಬೈಲಲ್ಲಿ ಫೋಟೋ ಹೊಡ್ಕಂಡು ಹೋಗಿದ್ರು. ಅತ್ತೆ ಅವ್ರಿಗೆ ಕಷಾಯ, ತೊಡದೇವು ಕೊಟ್ಟು ಕಳಿಸಿತ್ತು.

ಈ ವರ್ಷ ಒಂದು ಮದುವೆಲಿ ಹೆಣ್ಮಕ್ಕಳ ಕೈಲಿ ಒಂದು ಸಣ್ಣ ಪುಸ್ತಕ ಕಂಡ್ತು. ಬಣ್ಣದ ರಟ್ಟು, ಬೆಲೆ ಹಾಕಿದ್ದು. ಮೇಲೆ ಆ ಮನುಷ್ಯರ ಹೆಸ್ರು, ಅದೂ "ಸಂಗ್ರಹ" ಹೇಳಿ ಅಲ್ಲ, "ರಚನೆ" ಹೇಳಿ. ಒಳಗೆ ಇಪ್ಪುದು ಹೆಚ್ಚಿನದ್ದೂ ಅತ್ತೆ ಪುಸ್ತಕದ ಹಾಡು. ನಾನು ಮನೆಗೆ ತಂದು ಅತ್ತೆಗೆ ತೋರ್ಸಿದೆ. ಕನ್ನಡಕ ಹಾಕ್ಕಂಡು ಒಂದೊಂದೇ ಪುಟ ಓದ್ತು. ಮೊದಲು ನಗ್ತಾ ಇತ್ತು. ಹೆಣ್ಣೊಪ್ಪಿಸುವ ಹಾಡಿಗೆ ಬಂದಾಗ ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಕಂಡ್ತು.

ಆ ಹಾಡು ಅತ್ತೆ ಕಟ್ಟಿದ್ದು 1974ರಲ್ಲಿ, ಅದ್ರ ತಂಗಿಯ ಮದುವೆಗೆ. ತಂಗಿ ಹೆಸ್ರು ಆ ಹಾಡಿನ ಒಂದೊಂದು ನುಡಿಯ ಕೊನೆಗೂ ಬತ್ತು. ಮದುವೆಯಾಗಿ ಎರಡೇ ವರ್ಷಕ್ಕೆ, ಬಾಣಂತನದಲ್ಲಿ, ಆ ತಂಗಿ ಹೋಗಿಬಿಟ್ಟಿದ್ದು. ಅಚ್ಚಾದ ಪುಸ್ತಕದಲ್ಲಿ ಎಲ್ಲರಿಗೂ ಹೊಂದಲಿ ಹೇಳಿ ಆ ಹೆಸ್ರು ತೆಗೆದು "ಗೌರಿ" ಹೇಳಿ ಮಾಡಿದ್ದಿತ್ತು.

"ಹಾಡು ಹಾಡುಲೇ ಇಪ್ಪುದು, ಯಾರು ಬೇಕಾದ್ರೂ ಹಾಡ್ಲಿ. ನನ್ನ ಹೆಸ್ರು ಹಾಕ್ದಿದ್ರೆ ಬಿಡ್ಲಿ. ತಂಗಿ ಹೆಸ್ರು ಎಂತಕ್ಕೆ ತೆಗೆದ? ಅದಕ್ಕೆ ಫೋಟೋ ಇಲ್ಲೆ, ಮಕ್ಕಳಿಲ್ಲೆ. ಇದ್ದದ್ದು ಈ ಹಾಡೊಂದೇ" ಹೇಳಿದ್ದು ಅತ್ತೆ. ಮತ್ತೆ ಆ ದಿನ ಮಾತಾಡ್ಲಿಲ್ಲೆ.

ಮನೆಲಿ ಎರಡು ಪಕ್ಷ ಆತು. ಭಾವಂಗೆ ಇದು ದೊಡ್ಡದು ಮಾಡುದು ಬೇಡ. ಅವ್ರ ಮಗಳ ಜಾತಕ ಆ ಮನೆಯವ್ರ ಕಡೆಯಿಂದಲೇ ಒಂದು ಕಡೆ ಹೋಗಿತ್ತು, ನೆಂಟಸ್ತಿಕೆ ಮುರಿಯುದು ಯಾರಿಗೆ ಬೇಕು? "ಹಾಡು ಊರಿನದ್ದು, ಯಾರದ್ದೂ ಅಲ್ಲ" ಹೇಳಿದ್ರು. ಇವ್ರು ಸುಮ್ಮನಿದ್ರು. ನಂಗೆ ಮಾತ್ರ ರಾತ್ರಿ ನಿದ್ದೆ ಬರ್ಲಿಲ್ಲೆ. ಮೂವತ್ತು ಹುಡ್ರ ಎದುರಿಗೆ ನಿಂತು ಹೆಸ್ರು ಬಿಡುದು ತಪ್ಪು ಹೇಳಿ ಪಾಠ ಮಾಡುದು, ಮನೆಲಿ ಅತ್ತೆ ಎದುರಿಗೆ ಬಾಯಿ ಮುಚ್ಚಿ ಕೂರುದು, ಎರಡೂ ಒಟ್ಟಿಗೆ ಆಗುದಲ್ಲ.

ಭಾವ ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು, ಅದನ್ನೂ ಹೇಳಬೇಕು. ಊರಿನ ಹಳೇ ಹಾಡಿಗೆ ಒಬ್ಬ ಒಡೆಯ ಇಲ್ಲೆ, ಕಾಪಿರೈಟೂ ಇಲ್ಲೆ. ಹಾಂಗಾದ್ರೆ ಈ ನೀಲಿ ಪುಸ್ತಕದಲ್ಲಿ ಯಾವುದು ಊರಿನದ್ದು, ಯಾವುದು ಅತ್ತೆದು? ಇದನ್ನು ಮೊದಲು ಬಗೆಹರಿಸ್ಬೇಕು ಹೇಳಿ ಒಂದು ಭಾನುವಾರ ಕ್ಲಾಸಿನ ಆರು ಹುಡ್ರನ್ನು ಮನೆಗೆ ಕರೆದೆ. ಅವ್ರ ಎರಡನೇ ಪ್ರಾಜೆಕ್ಟು ಅದೇ ಆತು. ಕಾಪಿ ಬರೆಯುದು ಹೇಳಿದ್ದ ಕೂಸೂ ಬಂದಿತ್ತು. ಜಗುಲಿಲಿ ಕೂತು, ಅತ್ತೆ ಒಂದೊಂದು ಹಾಡಿನ ಮೊದಲ ಸಾಲು ಹೇಳುದು, ಮಕ್ಕಳು "ಅಜ್ಜಿ, ಇದು ಯಾರದ್ದು?" ಕೇಳುದು.

ಒಟ್ಟು ನಲವತ್ಮೂರು ಹಾಡು. ಅದ್ರಲ್ಲಿ ತಾನು ಕಟ್ಟಿದ್ದು ಏಳೇ ಏಳು ಹೇಳ್ತು ಅತ್ತೆ. ಉಳಿದದ್ದರಲ್ಲಿ ಹೆಚ್ಚಿನದ್ದು ಅದ್ರ ಆಯಿಯಿಂದ ಕಲಿತದ್ದು, ಕೆಲವು ಈ ಮನೆಗೆ ಬಂದ ಮೇಲೆ ಅದ್ರ ಅತ್ತೆಯಿಂದ. ತಂಗಿಯ ಹಾಡಿಗೆ ಬಂದಾಗ ಮಾತು ನಮ್ಮದು, ಧಾಟಿ ನಮ್ಮದಲ್ಲ ಹೇಳ್ತು. "ನೆಟ್ಟಿಗೆ ಬರುವ ಹಾಲಕ್ಕಿ ಹೆಂಗಸು ಒಬ್ರಿದ್ರು. ಗದ್ದೆಲಿ ಅವ್ರು ಹೇಳುವ ಪದದ ಧಾಟಿ ನನ್ನ ಕಿವಿಲಿ ಕೂತಿತ್ತು. ಅದ್ನೇ ಹಿಡಿದು ಕಟ್ಟಿದ್ದು. ಅವ್ರ ಹೆಸ್ರೂ ಬರ್ಕಳಿ ಮಕ್ಕಳೇ" ಹೇಳಿ ಹೆಸ್ರು, ಕೇರಿ ಎರಡೂ ಹೇಳ್ತು. ಯಾರೂ ಕೇಳಿದ್ದಿಲ್ಲೆ, ಯಾರಿಗೂ ಗೊತ್ತಾಗ್ತಿತ್ತಿಲ್ಲೆ. ತನ್ನ ತಂಗಿಯ ಹೆಸ್ರು ಹೋತು ಹೇಳಿ ನೊಂದಿದ್ದ ಅತ್ತೆಗೆ ಆ ಹೆಂಗಸಿನ ಹೆಸ್ರು ಬಿಡುಲೆ ಮನಸ್ಸಾಗ್ಲಿಲ್ಲೆ.

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರ ಮಾತು ಆಗ ಬಂತು. ಸಾವಿರಾರು ಹಾಡು ನೆನಪಲ್ಲೇ ಇಟ್ಕಂಡು, 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರವರಿಲಿ ತೀರಿಕೊಂಡ್ರಲ್ಲ, ಅವ್ರು. ಹಾಲಕ್ಕಿ ಹಾಡಿಗೆ ಕಾಪಿರೈಟ್ ಕಾಗದ ಇಲ್ಲೆ. ಆದರೆ ಹಾಡು ಹೇಳಿದ ಅಜ್ಜಿಯ ಹೆಸ್ರು ಬಿಟ್ಟು ಬರೆದುಕೊಂಡವ್ರ ಹೆಸ್ರು ಮಾತ್ರ ಮೇಲೆ ಬಂದ್ರೆ ಅದೆಂಥ ನ್ಯಾಯ? ಹುಡ್ರೇ ಸೇರಿ ಮೂರು ಮನೆ ಗೆರೆ ಎಳೆದ್ರು: ಕಟ್ಟಿದವರು, ಹೇಳಿದವರು, ಕೇಳಿ ಬರೆದವರು. ಕಟ್ಟಿದವರು ಗೊತ್ತಿಲ್ಲದ ಕಡೆ "ಹಳೆಯದು" ಹೇಳಿ ಬರೆದ್ರು. ಮೂರನೇ ಮನೆಲಿ ತಮ್ಮ ಹೆಸ್ರು ಬರೆಯುವಾಗ ಅವ್ರ ಮುಖ ನೋಡಬೇಕಿತ್ತು ನೀವು.

ಬರೆದಿಡುದರ ಬೆಲೆ ಎಂತ ಹೇಳುಲೆ ಅಲ್ಲೇ ಅರಿಶಿನದ ಕತೆ ಹೇಳ್ದೆ. ಗಾಯಕ್ಕೆ ಅರಿಶಿನ ಹಚ್ಚುದು ನಮಗೆ ಯಾರೂ ಕಲಿಸಬೇಕಾದ್ದಲ್ಲ. ಅದಕ್ಕೇ 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದವರು ಪೇಟೆಂಟ್ ಪಡೆದುಬಿಟ್ಟಿದ್ದರು. ನಮ್ಮ ದೇಶದ ಸಿಎಸ್‌ಐಆರ್ ಸಂಸ್ಥೆ ತಕರಾರು ಹಾಕಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಗೆದ್ದದ್ದು "ನಮ್ಮ ಅಜ್ಜಿ ಹೇಳ್ತಿತ್ತು" ಹೇಳಿ ಅಲ್ಲ. ಹಳೇ ಗ್ರಂಥ, ಹಳೇ ಪತ್ರಿಕೆಯ ಲೇಖನ, ಅಂದ್ರೆ ಬರೆದಿಟ್ಟದ್ದನ್ನು ತೋರ್ಸಿ. ಊರಿನ ಹೆಸ್ರನ್ನೂ ಹೀಂಗೇ ಕಾಪಾಡ್ಲಕ್ಕು. ಶಿರಸಿ ಅಡಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿನಹಣ್ಣಿಗೆ 2023ರಲ್ಲಿ ಜಿಐ ಗುರುತು ಸಿಕ್ಕಿತು. ಈಗ ಬೇರೆ ಊರಿನ ಹಣ್ಣಿಗೆ ಆ ಹೆಸ್ರು ಹಚ್ಚಿ ಮಾರುಲೆ ಬತ್ತಿಲ್ಲೆ.

ಅತ್ತೆ ಹಾಡಿಗೂ ಬರೆದಿಟ್ಟದ್ದೇ ಕೈಹಿಡಿತು. ನೀಲಿ ಪುಸ್ತಕದ ಒಳಗೆ 1974ರ ಮದುವೆ ಕರೆಯೋಲೆ ಮಡಚಿ ಇಟ್ಟಿತ್ತು, ಅದ್ರ ಹಿಂಬದಿಲೇ ಹಾಡಿನ ಮೊದಲ ಕರಡು, ಕಾಟು ಹಾಕಿ ತಿದ್ದಿದ್ದು. ಕಾಪಿರೈಟಿಗೆ ಸರ್ಕಾರದಲ್ಲಿ ನೋಂದಣಿ ಮಾಡ್ಸಲೇಬೇಕು ಹೇಳಿ ಇಲ್ಲೆ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಕಾಯ್ದೆಯ 57ನೇ ಕಲಮಿನಲ್ಲಿ ಇನ್ನೂ ಒಂದು ಮಾತಿದೆ: ಹಕ್ಕನ್ನು ಬೇರೆಯವರಿಗೆ ಮಾರಿದ್ದರೂ ಸಹ, ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಹಕ್ಕು, ಬರೆದವರ ಮರ್ಯಾದೆಗೆ ಕುಂದು ಬರುವ ಹಾಗೆ ತಿರುಚಿದರೆ ತಡೆಯುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಅತ್ತೆ ಏನನ್ನೂ ಮಾರಿದ್ದೂ ಇಲ್ಲೆ.

ವಕೀಲರ ನೋಟೀಸು ಬೇಡ ಹೇಳಿದ್ದು ಅತ್ತೆಯೇ. ನಾನು ಒಂದು ಕಾಗದ ಬರೆದೆ, ಅತ್ತೆ ಸಹಿ ಹಾಕ್ತು. ಏಳು ಹಾಡಿನ ಪಟ್ಟಿ, ಕರೆಯೋಲೆಯ ಜೆರಾಕ್ಸ್, ಮಕ್ಕಳ ಮೂರು ಮನೆಯ ಪಟ್ಟಿ ಸೇರ್ಸಿ ಕಳಿಸಿದ್ಯೊ. ಕಾಗದದಲ್ಲಿ ಬೈಗುಳ ಒಂದೂ ಇಲ್ಲೆ. ದುಡ್ಡು ಕೇಳ್ಲಿಲ್ಲೆ. ಕೇಳಿದ್ದು ಮೂರೇ: "ರಚನೆ" ಹೋಗಿ "ಸ���ಗ್ರಹ" ಆಗಬೇಕು, ಯಾರ ಹಾಡು ಅವ್ರ ಹೆಸ್ರು ಬರಬೇಕು, ತಂಗಿ ಹೆಸ್ರು ಇದ್ದಲ್ಲಿಗೇ ವಾಪಸ್ ಬರಬೇಕು.

ಹದಿನೈದು ದಿನ ಸುದ್ದಿ ಇಲ್ಲೆ. ಆಮೇಲೆ ಅವ್ರೇ ಬಂದ್ರು. "ಹಾಡು ಎಲ್ಲರ ಸೊತ್ತು ಅಲ್ದಾ ಅತ್ತೆ, ಉಳಿಲಿ ಹೇಳಿ ಮಾಡಿದ್ದು" ಹೇಳಿ ಶುರು ಮಾಡಿದ್ರು. ಅತ್ತೆ ವಾದ ಮಾಡ್ಲಿಲ್ಲೆ. ಬಂದವ್ರಿಗೆ ಕಷಾಯ ಕೊಡುದನ್ನೂ ಬಿಡ್ಲಿಲ್ಲೆ. ಎದುರಿಗೆ ಕೂತು ಆ ಹಾಡನ್ನು ಮೊದಲಿಂದ ಕೊನೆವರೆಗೆ, ತಂಗಿ ಹೆಸ್ರು ಹಾಕಿ, ಹೇಳ್ತು. ಎಂಬತ್ತರ ಹತ್ತಿರದ ದನಿ, ಮಧ್ಯ ಮಧ್ಯ ಕಟ್ಟಿ ಬತ್ತಿತ್ತು. ಅವ್ರು ತಲೆ ತಗ್ಗಿಸಿ ಕೇಳಿದ್ರು. ಉಳಿದ ಪ್ರತಿಗಳಿಗೆ ಒಂದು ಚೀಟಿ ಅಂಟಿಸ್ತೆ, ಇನ್ನೊಮ್ಮೆ ಅಚ್ಚಾದರೆ ಸರಿ ಮಾಡ್ತೆ ಹೇಳಿ ಬರೆದು ಕೊಟ್ಟು ಹೋದ್ರು. ಚೀಟಿ ಅಂಟಿಸಿದ ಎರಡು ಪ್ರತಿ ಮನೆಗೆ ಬಂದಿದ್ದು. ಮಾರಿಹೋದ ಪುಸ್ತಕದಲ್ಲಿ ಇನ್ನೂ ಗೌರಿಯೇ ಇದ್ದು, ಅದನ್ನು ಯಾರೂ ವಾಪಸ್ ತರುಲೆ ಆಗ್ತಿಲ್ಲೆ. ಭಾವನ ಮಗಳ ಜಾತಕ ಕೂಡಿಬರ್ಲಿಲ್ಲೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲೆ ಹೇಳಿ ಅವ್ರು ಹೇಳ್ತ. ಭಾವ ನನ್ನ ಹತ್ರ ಮೊದಲಿನಷ್ಟು ಮಾತಾಡ್ತ್ರಿಲ್ಲೆ. ಇದ್ದದ್ದು ಇದ್ದ ಹಾಂಗೆ ಬರೆದಿದ್ದೆ.

ಶಾಲೆಲಿ ಮೊದಲಿನ ಪ್ರಾಜೆಕ್ಟನ್ನು ಹುಡ್ರು ಮತ್ತೆ ಬರೆದ್ರು. ಈ ಸಲ ನಿಯಮ ಒಂದೇ: ಎಲ್ಲಿ ಬೇಕಾದ್ರೂ ಓದಿ, ಯಾರ ಹತ್ರ ಬೇಕಾದ್ರೂ ಕೇಳಿ, ಆಮೇಲೆ ಪುಸ್ತಕ, ಫೋನು ಎರಡೂ ಮುಚ್ಚಿಟ್ಟು ಅಮ್ಮನಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನು ಬರೀರಿ. ಬೇರೆಯವ್ರ ಸಾಲು ಹಾಂಗೇ ಬೇಕಾದ್ರೆ ಉದ್ಧರಣ ಚಿಹ್ನೆ ಹಾಕಿ, ಹೆಸ್ರು ಬರೀರಿ. "ಗೂಗಲ್" ಹೇಳಿ ಬರೆದ್ರೆ ಮೂಲ ಹೇಳಿದ ಹಾಂಗಲ್ಲ. ಸಂತೆಲಿ ಸಿಕ್ತು ಹೇಳಿರೆ ಬಾಳೆಗೊನೆ ಯಾರ ತೋಟದ್ದು ಹೇಳಿ ಗೊತ್ತಾಗ್ತಾ? ಫೋನಿನ ಎಐ ಹತ್ರ ಕೇಳಿ ಬರೆಸಿದ್ರೂ ಅಷ್ಟೇ. ಅದು ಬರೆದು ಕೊಟ್ಟದ್ದು ನಿಮ್ಮ ಮಾತಲ್ಲ, ಸಹಾಯ ತಗಂಡಿದ್ರೆ ತಗಂಡಿದ್ದೆ ಹೇಳಿ ಬರೀರಿ. ದೊಡ್ಡ ಓದಿಗೆ ಹೋದವ್ರಿಗೆ ಇದು ಬರೀ ಮಾಸ್ತರ ಬೈಗುಳ ಅಲ್ಲ. ಯುಜಿಸಿಯ 2018ರ ನಿಯಮದ ಪ್ರಕಾರ ಪಿಎಚ್.ಡಿ. ಪ್ರಬಂಧದಲ್ಲಿ ನಕಲು 10 ಶೇಕಡಾ ದಾಟಿದರೆ ತಿದ್ದಿ ಮತ್ತೆ ಕೊಡಬೇಕು, 40 ದಾಟಿದರೆ ಒಂದು ವರ್ಷ ಕೊಡುವಂತೆಯೇ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ನಮ್ಮ ಕೂಸುಗಳು ಅಲ್ಲಿಗೆ ಹೋಗುವ ಮೊದಲೇ ಕೈ ಚೊಕ್ಕ ಇರ್ಲಿ.

ಬಂದ ಪ್ರಾಜೆಕ್ಟಲ್ಲಿ ಕಾಗುಣಿತದ ತಪ್ಪು ರಾಶಿ ಇತ್ತು. ಆದರೆ ಆನೆ ಒಂದೂ ಇತ್ತಿಲ್ಲೆ. ಒಬ್ಬ ಮಾಣಿ ನೂಲುಹುಣ್ಣಿಮೆಗೆ ಅಪ್ಪ ಸಮುದ್ರಕ್ಕೆ ತೆಂಗಿನಕಾಯಿ ಬಿಡುದನ್ನು ಬರೆದಿದ್ದ. ಒಂದು ಕೂಸು ದೊಡ್ಡಹಬ್ಬಕ್ಕೆ ದನದ ಕೊರಳಿಗೆ ಅಡಕೆ ಸರ ಕಟ್ಟುವಾಗ ದನ ಸರವನ್ನೇ ತಿಂದದ್ದನ್ನು ಬರೆದಿತ್ತು. ಎಲ್ಲದರ ಅಡಿಗೂ "ಹೇಳಿದವರು" ಹೇಳಿ ಅಜ್ಜ, ಅಜ್ಜಿ, ಅಪ್ಪ, ಅಮ್ಮನ ಹೆಸ್ರು.

ಇನ್ನು ನಿಮ್ಮ ಹತ್ರ ನನ್ನ ಮಾತು ಇಷ್ಟೇ. ಗ್ರೂಪಿಗೆ ಕಳಿಸುವ ಮೊದಲು ಹೆಸ್ರು ಗೊತ್ತಿದ್ರೆ ಹಾಕಿ, ಗೊತ್ತಿಲ್ದಿದ್ರೆ "ಬರೆದವರು ಗೊತ್ತಿಲ್ಲೆ" ಹೇಳಿ ಹಾಕಿ, ನಿಮ್ಮ ಹೆಸ್ರಂತೂ ಹಾಕಡಿ. ಟ್ರಂಕಿನ ಅಡಿಲಿ, ದೇವರ ಗೂಡಿನ ಹಿಂದೆ, ಸೀರೆ ಮಡಿಕೆಲಿ ನಿಮ್ಮದೂ ಒಂದು ನೀಲಿ ಪುಸ್ತಕ ಇದ್ದೇ ಇರ್ತು. ಈ ವಾರ ಅದನ್ನು ಹೊರಗೆ ತೆಗೀರಿ. ಯಾವ ಹಾಡು ಯಾರಿಂದ ಬಂತು, ಯಾವುದು ನಿಮ್ದೇ ಕಟ್ಟಿದ್ದು, ಯಾರ ಮದುವೆಗೆ, ಯಾವ ವರ್ಷ, ನೆನಪಿದ್ದಷ್ಟು ಪಕ್ಕದಲ್ಲೇ ಬರೀರಿ. ಕಣ್ಣು ಕಾಣದಿದ್ರೆ ಮೊಮ್ಮಕ್ಕಳ ಹತ್ರ ಬರೆಸಿ, ಕೇಳಿ ಬರೆದವ್ರು ಹೇಳಿ ಅವ್ರ ಹೆಸ್ರೂ ಹಾಕ್ಲಿ. ಫೋಟೋ ಹೊಡ್ಕಂಬುಲೆ ಯಾರಾದ್ರೂ ಬಂದ್ರೆ ಕೊಡಿ, ಇಲ್ಲೆ ಹೇಳಡಿ, ಆದ್ರೆ ಹೆಸ್ರು ಇಪ್ಪ ಪುಟವನ್ನೇ ಮೊದಲು ತೋರ್ಸಿ. ಮತ್ತೆ ಬರೆಯುದು ಪೆನ್ಸಿಲಿನಲ್ಲಿ ಬೇಡ, ಶಾಯಿಲಿ ಬರೀರಿ.